ತಳದ ಕೆಂಪು ಚುಕ್ಕೆ

ಕಳೆದ ಭಾನುವಾರ ಊಟವಾದ ಮೇಲೆ ಮನೆಯಲ್ಲಿ ಏನೋ ಘಾಟು ವಾಸನೆ ಬಂತು. ಎದ್ದವನೇ ಮೊದಲು ಗ್ಯಾಸಿನ ರೆಗ್ಯುಲೇಟರ್ ನೋಡಿದೆ. ಆಮೇಲೆ ಫ್ರಿಜ್ಜಿನ ಹಿಂದೆ ಮೂಗು ತೂರಿಸಿದೆ, ಮೀಟರ್ ಪೆಟ್ಟಿಗೆಯ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಇದು ನನ್ನ ಹಳೆಯ ರೋಗ. ಮನೆಯಲ್ಲಿ ಯಾರಾದರೂ ಎರಡು ಸಲ ಸೀನಿದರೆ ಆಸ್ಪತ್ರೆಯ ಫೈಲು ಎಲ್ಲಿದೆ ಎಂದು ಹುಡುಕುವವನು ನಾನು. ವಾಸನೆ ಬರುತ್ತಿದ್ದದ್ದು ಪಡಸಾಲೆಯಿಂದ. ಮಗಳು ಕಾಲು ಚಾಚಿ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು.

"ಅಪ್ಪಾ, ಸಿಲಿಂಡರ್ ಸಿಡಿದಿಲ್ಲ. ನೇಲ್ ಪಾಲಿಶ್," ಅಂದಳು ತಲೆ ಎತ್ತದೆ.

ನಕ್ಕು ಸುಮ್ಮನಾಗಬೇಕಿತ್ತು. ಆದರೆ ಆ ಕೆಂಪು... ಸ್ವಲ್ಪ ಇಟ್ಟಿಗೆಯ ಕಡೆ ವಾಲಿದ ಅದೇ ಕೆಂಪು. ನಮ್ಮ ಅಟ್ಟದ ಮೇಲೆ, ಹಳೆಯ ಮಿಕ್ಸರಿನ ಪಕ್ಕದಲ್ಲಿ, ಒಂದು ಸ್ಟೀಲಿನ ಡಬ್ಬಿ ಹನ್ನೆರಡು ವರ್ಷಗಳಿಂದ ಕೂತಿದೆ. ಅದರ ತಳದಲ್ಲಿ ಈ ಬಣ್ಣದ ಒಂದು ಚುಕ್ಕೆ ಇದೆ. ಡಬ್ಬಿ ನಮ್ಮದಲ್ಲ.

ಆಗ ನಾವು ಗೋವಾದ ಕೊರ್ಲಿಮ್‌ನಲ್ಲಿ ಬಾಡಿಗೆಗಿದ್ದೆವು. ಹೆಂಚಿನ ಐದು ಮನೆಗಳ ಒಂದು ಸಾಲು, ಮುಂದೆ ಕೆಂಪು ಮಣ್ಣಿನ ಅಂಗಳ, ಅಂಗಳದಾಚೆ ಒಂದು ಸಣ್ಣ ಇಗರ್ಜಿ, ಅಂದರೆ ಚರ್ಚು. ನಾನು ಅಲ್ಲಿಯದೇ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಹೆಂಡತಿ ಸ್ಕೂಟರ್ ಮೇಲೆ ಪಣಜಿಯ ಆಫೀಸಿಗೆ ಹೋಗಿಬರುತ್ತಿದ್ದಳು. ಮಗಳಿಗೆ ಏಳು ವರ್ಷ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯಲ್ಲಿ ಒಬ್ಬ ಮುದುಕಿ ಒಬ್ಬರೇ ಇದ್ದರು. ಹೂವಿನ ಚಿತ್ತಾರದ ಗೌನು, ಕೈಯಲ್ಲಿ ಜಪಮಣಿ, ಇಡೀ ಸಾಲಿಗೆ ಕೇಳಿಸುವ ಗಂಟಲು. ಮಗಳು ಅವರನ್ನು ಮಾಯ್, ಅಂದರೆ ತಾಯಿ, ಎಂದು ಕರೆಯುತ್ತಿದ್ದಳು. ನಾವೂ ಹಾಗೇ ಕರೆದೆವು. ಅವರು ನನ್ನನ್ನು ಕರೆಯುತ್ತಿದ್ದದ್ದು 'ಟೆನ್ಶನ್ ಪಾತ್ರಾಂವ್' ಎಂದು. ಪಾತ್ರಾಂವ್ ಎಂದರೆ ಧಣಿ. ಮೋಡವಿಲ್ಲದ ದಿನವೂ ಕೊಡೆ ಹಿಡಿದು ಫ್ಯಾಕ್ಟರಿಗೆ ಹೊರಡುವ ನನಗೆ ಅದಕ್ಕಿಂತ ಒಳ್ಳೆಯ ಹೆಸರು ನಮ್ಮೂರು ಧಾರವಾಡದಲ್ಲೂ ಯಾರೂ ಇಟ್ಟಿರಲಿಲ್ಲ.

ಆ ವರ್ಷದ ಮೊದಲ ಮಳೆಯಲ್ಲಿ, ಮನೆಗೆ ಇನ್ನೇನು ಒಂದು ತಿರುವು ಉಳಿದಿರುವಾಗ, ಹೆಂಡತಿಯ ಸ್ಕೂಟರಿಗೆ ಟೆಂಪೊ ತಾಗಿತು. ನಾನು ಜೀವನವಿಡೀ ಎಷ್ಟೋ ಅನಾಹುತಗಳನ್ನು ಮುಂಚಿತವಾಗಿ ಊಹಿಸಿದ್ದೇನೆ. ನಿಜವಾದ ಅನಾಹುತ ಬಂದಾಗ ಸ್ಟೋರಿನಲ್ಲಿ ಕೂತು ಬೋಲ್ಟ್ ಎಣಿಸುತ್ತಿದ್ದೆ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇಗರ್ಜಿಯ ಜನ ಅವಳನ್ನು ಪಾವ್ ಹಂಚುವ ವ್ಯಾನಿನಲ್ಲಿ ಮಲಗಿಸಿ ತಂದಾಗಿತ್ತು. ಸೊಂಟದ ಮೂಳೆ ಒಡೆದಿತ್ತು, ತೊಡೆಯ ಮೂಳೆ ಎರಡು ಕಡೆ. ಇಗರ್ಜಿಯಲ್ಲಿ ವಯೊಲಿನ್ ನುಡಿಸುವ ಮಾಸ್ತರರು ಒದ್ದೆ ಅಂಗಿಯಲ್ಲೇ ಬೆಂಚಿನ ಮೇಲೆ ಕೂತಿದ್ದರು, ತೋಳಿಗೆ ಹತ್ತಿ ಒತ್ತಿಕೊಂಡು. ಅವರು ಮತ್ತು ಅವರ ಜತೆ ಹಾಡುವ ಇಬ್ಬರು ಆಗಲೇ ರಕ್ತ ಕೊಟ್ಟಿದ್ದರು. ನನ್ನ ರಕ್ತವನ್ನು ಯಾರೂ ಕೇಳಲಿಲ್ಲ. ನನ್ನ ಮುಖ ನೋಡಿ, ಇವನಿಗೇ ಬೇಕಾದೀತು ಅನ್ನಿಸಿರಬೇಕು.

ಮರುದಿನ ಮಧ್ಯಾಹ್ನವೇ ಮಾಯ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು. ನಮ್ಮ ಅವ್ವ ಅಷ್ಟರಲ್ಲಿ ಧಾರವಾಡದಿಂದ ಬಂದಿದ್ದಳು. ಹಣೆತುಂಬ ವಿಭೂತಿ, ಎರಡೂ ಮೊಣಕಾಲು ಬಾತಿದ್ದವು, ಬಾಯಿ ಮಾತ್ರ ಗಟ್ಟಿಯಾಗಿತ್ತು.

"ಶಿವ್ರಾಕ್, ಶಿವ್ರಾಕ್," ಎಂದರು ಮಾಯ್, ಡಬ್ಬಿಯ ಮೇಲೆ ಬೆರಳು ಬಡಿಯುತ್ತ. ಕೊಂಕಣಿಯಲ್ಲಿ ಶಿವ್ರಾಕ್ ಅಂದರೆ ಸಸ್ಯಾಹಾರ, ಸಸ್ಯಾಹಾರಿ, ಎರಡೂ. ಅವ್ವನ ಕಿವಿಗೆ ಅದರ ಅರ್ಧವಷ್ಟೇ ಬಿತ್ತು.

"ತಮ್ಮಾ, ಆಕಿ ಶಿವ ಶಿವ ಅಂತಾಳಲ್ಲೋ!" ಅಂದಳು ಅವ್ವ ಬೆರಗಾಗಿ. ಆದರೂ ಅನುಮಾನ ಬಿಡಲಿಲ್ಲ. ಮಾಯ್ ಹೋದ ಮೇಲೆ ಡಬ್ಬಿಯನ್ನು ಮೂಸಿ ನೋಡಿ ದೂರ ಸರಿಸಿದಳು. "ಶಿವನ್ನ ನೆನದರ ಭಾಂಡಿ ಶುದ್ಧ ಆಗ್ತಾವೇನು? ನಿನ್ನೆ ಅದರಾಗ ಏನ್ ಕುದಿಸಿದ್ಲೋ ಏನೋ."

ನಾನು ಆ ಮಾತನ್ನು ಹಾಗೇ ಆಸ್ಪತ್ರೆಗೆ ಹೊತ್ತೆ, ನನ್ನ ಮಾತಲ್ಲ ಅವ್ವನದು ಎನ್ನುವ ಧೈರ್ಯದಲ್ಲಿ. ಹೆಂಡತಿ ಕಣ್ಣು ಮುಚ್ಚಿಕೊಂಡೇ ಕೇಳಿದಳು. ಆಮೇಲೆ ಅಂದಳು, "ಅವರ ರಕ್ತ ನನ್ನ ಮೈಯಾಗ ಹರ್ಯಾಕತ್ತೈತಿ. ಅವರ ಪಲ್ಯ ನಿಮ್ಮ ಗಂಟ್ಲಾಗ ಇಳಿಯಂಗಿಲ್ಲೇನ್ರಿ? ಆ ಡಬ್ಬಿ ಇಲ್ಲೆ ತರ್ರಿ. ನನಗ ಹಸಿವ್ಯಾಗೇತಿ."

ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಎಲ್ಲರೂ ಉಂಡೆವು. ಅವ್ವ ಎಲ್ಲರಿಗಿಂತ ಜಾಸ್ತಿ ಉಂಡಳು.

ಹೆಂಡತಿ ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದಳು, ಆಮೇಲೆ ಮನೆಯ ಮಂಚದಲ್ಲಿ. ಒಂದು ದಿನವೂ ಡಬ್ಬಿ ತಪ್ಪಲಿಲ್ಲ. ಕಡಲೆಯ ಗಸಿ, ಚವಳಿಕಾಯಿ, ತೆಂಗಿನಕಾಯಿ ಹಾಕಿದ ಕುಂಬಳ, ಕುಚಲಕ್ಕಿಯ ಗಂಜಿ, ಜತೆಗೆ ಮಾವಿನ ಉಪ್ಪಿನಕಾಯಿ. ಅಡುಗೆಗೆ ಇಗರ್ಜಿಯ ಹೆಂಗಸರು ವಾರದ ದಿನ ಹಂಚಿಕೊಂಡಿದ್ದರಂತೆ, ನನಗೆ ಗೊತ್ತಾದದ್ದು ಬಹಳ ತಡವಾಗಿ. ಮಳೆಯಲ್ಲಿ ಕೊಡೆ ಹಿಡಿದು, ತರಕಾರಿ ಚೀಲ ತೂಗಿಸಿಕೊಂಡು ದಿನಕ್ಕೊಬ್ಬರು ಮಾಯ್ ಮನೆಗೆ ಬರುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಪ್ರಾರ್ಥನೆಗೋ ಹರಟೆಗೋ ಬರುತ್ತಾರೆ ಅಂದುಕೊಂಡಿದ್ದೆ. ಮಾಸ್ತರರು ಎರಡು ದಿನಕ್ಕೊಮ್ಮೆ ಮಗಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದರು. ಮಂಚದ ಕಾಲಿನ ಕೆಳಗೆ ಇಡಲು ಕಲ್ಲು ಹುಡುಕಿ ತಂದವರು, ನೀರು ಕಾಯಿಸಲು ಕಟ್ಟಿಗೆ ಒಡೆದುಕೊಟ್ಟವರು, ಹೆಸರು ಕೇಳಿದರೆ ಕೈಯಾಡಿಸಿ ಹೋಗುತ್ತಿದ್ದರು. ನಾನು "ಥ್ಯಾಂಕ್ಸ್ ರೀ" ಅಂದರೆ ಮಾಯ್‌ಗೆ ಸಿಟ್ಟು ಬರುತ್ತಿತ್ತು. "ಥ್ಯಾಂಕ್ಸ್ ಬೋಲ್ತಾ ಕಾಯ್ಕೂ? ಹಮಾರೆ ಮೇ ಬೋಲ್ನೇಕಾ, ದೇವ್ ಬರೆಂ ಕರುಂ." ದೇವರು ಒಳ್ಳೆಯದು ಮಾಡಲಿ, ಅವರ ಕಡೆಯ ಥ್ಯಾಂಕ್ಸ್ ಅದು. ನನ್ನ ಬಾಯಿಗೆ ಅದು ಬರಲಿಲ್ಲ. ನಮ್ಮ ಕಡೆ ಅದು ಬಾಗಿಲಿಗೆ ಭಿಕ್ಷೆಗೆ ಬಂದವರು ಹೋಗುವಾಗ ಹೇಳುವ ಮಾತಲ್ಲವೇ?... ನಾಳೆ ಹೇಳೋಣ ಅಂದುಕೊಳ್ಳುತ್ತಿದ್ದೆ.

ಬಂದ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು. ಇದು ಅವ್ವನ ಶಾಸ್ತ್ರ. ಹಾಗಾಗಿ ದಿನವೂ ತೊಳೆದ ಡಬ್ಬಿಗೆ ಒಂದು ಮುಷ್ಟಿ ಸಕ್ಕರೆ ಹಾಕಿ ಕಳಿಸುತ್ತಿದ್ದಳು. ಮಾಯ್‌ಗೆ ಸಕ್ಕರೆ ಕಾಯಿಲೆ. "ತುಮ್ಹಾರಾ ಮಾಂ ಮೇರೆಕು ಮಾರ್ನೇವಾಲಾ ಹೈ ರೇ ಪುತಾ," ಎಂದು ಅಂಗಳಕ್ಕೆಲ್ಲ ಕೇಳುವಂತೆ ನಗುತ್ತಿದ್ದರು, ನಿನ್ನವ್ವ ನನ್ನನ್ನು ಕೊಂದೇಬಿಡುತ್ತಾಳೆ ಮಗನೇ ಎಂದು. ಅವ್ವ ಒಳಗಿನಿಂದ, "ಏನಂತಾಳೋ?" ಅನ್ನುತ್ತಿದ್ದಳು. ಸಕ್ಕರೆ ಚಲೋ ಐತಂತ, ಅನ್ನುತ್ತಿದ್ದೆ ನಾನು.

ಐದನೆಯ ವಾರವೋ ಆರನೆಯದೋ. ಮೊದಲ ಪಾಳಿ ಮುಗಿಸಿ ಬಂದವನು ಡಬ್ಬಿ ಕೊಡಲು ಮಾಯ್ ಮನೆಗೆ ಹೋದೆ. ಮಳೆ ಸ್ವಲ್ಪ ಬಿಟ್ಟಿತ್ತು. ಜಗಲಿಯಲ್ಲಿ ಮಾಸ್ತರರು ಕೂತಿದ್ದರು. "ಬಸ್, ಬಸ್, ಚಾ ಪಿಯೆ," ಅಂದರು ಮಾಯ್. ಕೂತೆ. ಜಗಲಿಯ ಆ ತುದಿಯಲ್ಲಿ, ಅಡುಗೆಮನೆಯಿಂದ ದೂರಕ್ಕೆ, ಒಂದು ಹಲಗೆಯ ಮೇಲೆ ಪಾತ್ರೆಗಳನ್ನು ಬೋರಲು ಹಾಕಿ ಬಟ್ಟೆ ಮುಚ್ಚಿದ್ದರು. ಗಾಳಿಗೆ ಬಟ್ಟೆ ಸರಿದಿತ್ತು. ಒಂದು ಪಾತೇಲಿ, ಒಂದು ಸೌಟು, ನಮ್ಮ ಮನೆಗೆ ಬರುವ ಇನ್ನೊಂದು ಡಬ್ಬಿ, ಒಂದು ಕಪ್. ಪ್ರತಿಯೊಂದರ ತಳದಲ್ಲೂ ಒಂದು ಕೆಂಪು ಚುಕ್ಕೆ, ದಿನವೂ ಬರುವ ಡಬ್ಬಿಯ ತಳದಲ್ಲಿ ನೋಡಿಯೂ ಲೆಕ್ಕಿಸದಿದ್ದ ಅದೇ ಚುಕ್ಕೆ.

ಮಾಯ್ ಒಳಗಿನಿಂದ ಚಹಾ ತಂದರು. ಮಾಸ್ತರರಿಗೆ ಒಳಗಿನ ಕಪ್ ಕೊಟ್ಟರು. ತಮಗೂ ಒಳಗಿನದೇ. ನನಗಾಗಿ ಹಲಗೆಯತ್ತ ಹೋಗಿ, ಆ ಕೆಂಪು ಚುಕ್ಕೆಯ ಕಪ್ ಎತ್ತಿಕೊಂಡು, ಸೆರಗಿಲ್ಲದ ಗೌನಿನ ಅಂಚಿಗೆ ಒರೆಸಿ, ಅದಕ್ಕೆ ಹೊಯ್ದರು.

ನನಗೆ ಯಾರೂ ಏನೂ ವಿವರಿಸಿ ಹೇಳಬೇಕಾಗಿರಲಿಲ್ಲ. ಆ ಭಾಷೆ ನಮ್ಮ ಮನೆಯದೇ. ಧಾರವಾಡದಲ್ಲಿ ನಮ್ಮ ಹಿತ್ತಲ ಕಟ್ಟೆಯ ಮೇಲೆ ಕಿವಿ ಮುರಿದ ಒಂದು ಕಪ್ ಇರುತ್ತಿತ್ತು. ಗಟಾರ ಬಳಿಯಲು ಬರುವವಳಿಗೆ. ಅವಳು ಕುಡಿದು, ತಾನೇ ತೊಳೆದು, ಬೋರಲು ಹಾಕಿ ಹೋಗಬೇಕು. ಅದಕ್ಕೆ ಚಹಾ ಹೊಯ್ಯುವ ಕೆಲಸ ಚಿಕ್ಕಂದಿನಲ್ಲಿ ನನ್ನದಾಗಿತ್ತು. ಎತ್ತರದಿಂದ ಹೊಯ್ಯಬೇಕು, ನಮ್ಮ ಪಾತ್ರೆ ಅದಕ್ಕೆ ತಾಗಬಾರದು. ಒಂದು ಹನಿಯೂ ಚೆಲ್ಲದೆ ಹೊಯ್ಯುತ್ತಾನೆ ಎಂದು ಅವ್ವ ಬಂದವರ ಮುಂದೆಲ್ಲ ಹೊಗಳುತ್ತಿದ್ದಳು.

ಆ ಚಹಾ ಹೇಗೆ ಕುಡಿದೆನೋ ನೆನಪಿಲ್ಲ. ಮನೆಗೆ ಬಂದು ಅವ್ವನಿಗೆ ಮೆಲ್ಲಗೆ ಹೇಳಿದೆ. ಅವ್ವ ಮೊಣಕಾಲು ಒತ್ತಿಕೊಳ್ಳುತ್ತ ಕೇಳಿದಳು.

"ಹಂಗಾರ ನಾವು ಆಕಿಗೆ ಹಿತ್ತಲದವ್ರು," ಅಂದಳು. "ಡಬ್ಬಿ ಸಾಕು, ತಮ್ಮಾ."

ಮರುದಿನ ಮಾಯ್‌ಗೆ ಹೇಳಿದೆ: ಊರಿನಿಂದ ಅಡುಗೆಯಾಕೆಯನ್ನು ಕರೆಸಿದ್ದೇವೆ, ಇನ್ನು ನೀವು ತೊಂದರೆ ತಗೋಬೇಡಿ. ಅಂಥ ಅಡುಗೆಯಾಕೆ ಯಾರೂ ಇರಲಿಲ್ಲ. ಮಂಚದಲ್ಲಿದ್ದ ಹೆಂಡತಿಗೆ ಬೇರೆಯೇ ಹೇಳಿದೆ: ಅವರಿಗೂ ಬೇಜಾರಾಗಿರಬೇಕು, ಎಷ್ಟು ದಿನ ಅಂತ ಮಾಡುತ್ತಾರೆ, ಬಿಟ್ಟರು. "ಪಾಪ, ಇಷ್ಟ ದಿನಾ ಮಾಡಿದ್ದ ದೊಡ್ಡದು ಬಿಡ್ರಿ," ಅಂದಳು ಅವಳು. ಆದರೆ ಗೋಡೆಯ ಕಡೆ ತಿರುಗಿ ಅಂದಳು. ಮಾಯ್ ಆಗಾಗ ಅವಳ ಕಾಲಿಗೆ ಎಣ್ಣೆ ತಿಕ್ಕಲು ಬರುತ್ತಿದ್ದರು. ಅವಳು ನಿದ್ದೆಯಲ್ಲಿದ್ದಾಳೆ, ಡಾಕ್ಟರು ಬೇಡ ಅಂದಿದ್ದಾರೆ ಎಂದು ನಾನು ಬಾಗಿಲಲ್ಲೇ ತಡೆದೆ. ಮೂರನೆಯ ಸಲ ಅವರು ಒಳಗೆ ಇಣುಕಿ, ನಿದ್ದೆ ಕೆಡಬಾರದೆಂದು ದನಿ ತಗ್ಗಿಸಿ, "ತೇರಾ ಕುಕ್ ಕಿದರ್ ಹೈ ಪಾತ್ರಾಂವ್? ದಿಖ್ತಾ ನೈ," ಎಂದು ನಕ್ಕರು. ಪೇಟೆಗೆ ಹೋಗಿದ್ದಾಳೆ, ಅಂದೆ. "ವೋ ಜಾಯೇಗಾ ತೋ ಬೋಲ್," ಅಂದರು. ಅವಳು ಹೋದ ದಿನ ಹೇಳು. ಆಮೇಲೆ ಬರಲಿಲ್ಲ.

ಮೊಣಕಾಲಿನ ನೋವಿಗೆ ಅವ್ವ ಊರಿಗೆ ಹೊರಟಳು. ಮುಂದಿನ ಆರು ವಾರ ಅಡುಗೆಯಾಕೆ ನಾನೇ ಆದೆ. ಹೆಂಡತಿ ಹಸಿ ಚಪಾತಿ ತಿಂದಳು, ಮಗಳು ಸೀದ ಅನ್ನ ತಿಂದಳು. ಮಗಳು ಗೋಡೆಯಾಚೆಯ ಒಗ್ಗರಣೆಯ ವಾಸನೆಗೆ ಮೂಗು ಎತ್ತಿದರೆ ಗದರುತ್ತಿದ್ದೆ. ಅಲ್ಲಿಗೆ ಹೋಗಕೂಡದು ಅಂದಿದ್ದೆ. ಯಾಕೆಂದು ಕೇಳಿದ್ದಕ್ಕೆ, ದೊಡ್ಡವರ ಮಾತು ಕೇಳಬೇಕು, ಅಷ್ಟೇ.

ಆದರೆ ಋಣ ಇಟ್ಟುಕೊಳ್ಳುವ ಮನುಷ್ಯ ನಾನಲ್ಲವಲ್ಲ! ಆ ಕ್ರಿಸ್‌ಮಸ್ಸಿಗೆ ಧಾರವಾಡದಿಂದ ಪೇಢೆ ತರಿಸಿ, ದೊಡ್ಡದೊಂದು ಪೆಟ್ಟಿಗೆಯನ್ನು ಇಗರ್ಜಿಯ ಪಾದ್ರಿಯವರ ಕೈಗೆ ಕೊಟ್ಟು, ಎಲ್ಲರಿಗೂ ಹಂಚಿ ಅಂದೆ. ಮಾಯ್‌ಗೂ ಅದರಲ್ಲಿ ಒಂದು ಸಿಕ್ಕಿರಬೇಕು. ಸಕ್ಕರೆ ಕಾಯಿಲೆಯವರು, ತಿಂದರೋ ಇಲ್ಲವೋ. ಮಾರ್ಚಿನಲ್ಲಿ ಪಣಜಿಯ ಕಡೆ ಈ ಫ್ಲ್ಯಾಟಿಗೆ ಬಂದೆವು. ಸಾಮಾನು ಕಟ್ಟುವಾಗ ಕೊನೆಯ ಡಬ್ಬಿ ಸಿಕ್ಕಿತು. ಖಾಲಿ ಕೊಡಬಾರದು, ತುಂಬಿ ಕೊಡಲು ಮನಸ್ಸಿಲ್ಲ. ಸಾಮಾನಿನ ಜತೆ ಅದೂ ಬಂತು.

ಮಾಯ್ ತೀರಿಕೊಂಡು ಈಗ ನಾಲ್ಕು ವರ್ಷ. ಸುದ್ದಿ ತಿಳಿದು ನಾನೊಬ್ಬನೇ ಹೋದೆ, ಹೆಂಡತಿಗೆ ಸಂಜೆ ಹೇಳಿದರಾಯಿತು ಎಂದು. ಇಗರ್ಜಿಯ ಒಳಗೆ ಹೋಗಲಿಲ್ಲ. ಗೇಟಿನ ಹತ್ತಿರ, ಮಳೆಯಿಲ್ಲದಿದ್ದರೂ ಕೈಯಲ್ಲಿ ಕೊಡೆ, ಕಿವಿಗೆ ಫೋನು, ಯಾರ ಜತೆಗೂ ಅಲ್ಲದ ಮಾತು. ಒಳಗಿನಿಂದ ವಯೊಲಿನ್ ಕೇಳಿಸುತ್ತಿತ್ತು. ಮುಗಿದ ಮೇಲೆ ಮಾಸ್ತರರು ನನ್ನನ್ನು ನೋಡಿ ನೆಟ್ಟಗೆ ಬಂದರು. ತುಂಬಾ ಮುದಿಯಾಗಿದ್ದರು.

"ಮಾಯ್ ಆಪ್‌ಕು ಬಹುತ್ ಪೂಛ್ತಾ ಥಾ," ಅಂದರು. "ಟೆನ್ಶನ್ ಪಾತ್ರಾಂವ್‌ಕಾ ಕುಕ್ ಹೈ ಕ್ಯಾ ಗಯಾ, ಹಮೇಶಾ ಪೂಛ್ತಾ ಥಾ."

ಆ ಅಡುಗೆಯಾಕೆ ಇದ್ದಾಳೋ ಹೋದಳೋ ಎಂದು ಕೇಳುತ್ತಲೇ ಇದ್ದರಂತೆ. ಸತ್ತ ಮೇಲೂ ಚುಚ್ಚುತ್ತಿದ್ದಾರೆ ಅನ್ನಿಸಿತು ನನಗೆ. ಇದನ್ನು ಬರೆಯಲು ಕೈ ಬರುತ್ತಿಲ್ಲ. ಆದರೆ ಹಾಗೇ ಅನ್ನಿಸಿತು.

ಇಷ್ಟನ್ನೂ ಭಾನುವಾರ ಮಗಳಿಗೆ ಹೇಳಿದೆ. ಹೆಂಡತಿ ಅಲ್ಲೇ ಸೊಪ್ಪು ಸೋಸುತ್ತಿದ್ದಳು. ಅವಳಿಗೂ ಇದೇ ಮೊದಲು. ಇಷ್ಟು ವರ್ಷವಾಯಿತಲ್ಲ, ಇನ್ನೇನು, ನಗುತ್ತಲೇ ಹೇಳಿದೆ. ನನ್ನನ್ನು ನಾನೇ ಸ್ವಲ್ಪ ಗೇಲಿ ಮಾಡಿಕೊಂಡು, ಕೊನೆಗೆ, "ಏನೇ ಅನ್ನು, ನಮಗೂ ಒಂದು ಬ್ಯಾರೆ ಕಪ್ ಇಟ್ಟಿದ್ರು ನೋಡು," ಎಂದು ಮುಗಿಸಿದೆ.

ಮಗಳ ಕೈ ನಿಂತಿತ್ತು. ಕುಂಚದಿಂದ ಒಂದು ಹನಿ ಪೇಪರ್ ಮೇಲೆ ಬಿತ್ತು.

"ಅಪ್ಪಾ, ನಿನಗ ಗೊತ್ತಿರಲಿಲ್ಲೇನು?"

"ಏನು?"

"ಆ ಚುಕ್ಕಿ ಹಚ್ಚುವಾಗ ನಾ ಅಲ್ಲೇ ಕುಂತಿದ್ದೆ. ಎಲ್ಲಾ ಹೊಸಾ ಪಾತ್ರಿ. ಮಾಪ್ಸಾ ಬಜಾರದಿಂದ ತಂದಿದ್ರು, ಮ್ಯಾಲಿನ ಕಾಗದನೂ ನಾನ ಕಿತ್ತಿದ್ದೆ. ಇವಕ್ಕ ಮೀನು ಮುಟ್ಟಬಾರದು, ಇವು ಶಿವ್ರಾಕ್ ಮನಿದು, ಗುರ್ತ ಇರ್ಲಿ ಅಂತ ಚುಕ್ಕಿ. ಉಳಿದಿದ್ದ ಬಣ್ಣಾ ನನ್ನ ಉಗುರಿಗೆ ಹಚ್ಚಿದ್ರು." ಅವಳು ತನ್ನ ಕೈ ನೋಡಿಕೊಂಡಳು. "ಒಳಗ ಮಳಿಗಾಲದ ಒಣಾ ಮೀನ ತೂಗಹಾಕಿರ್ತಿದ್ರಲ್ಲ, ವಾಸನಿ ಹತ್ತತೈತಿ ಅಂತ ಹೊರಗ ಇಡ್ತಿದ್ರು. ಆ ಆಂಟಿಯೋರೆಲ್ಲಾ ಜಗಲಿ ಮ್ಯಾಲೆ ಬಂದು ಅದರಾಗ ಮಾಡ್ತಿದ್ರು. ಮಳ್ಯಾಗ ತೊಯ್ಕೋತ. ತಮ್ಮ ಮನಿ ಪಾತ್ರಿ ಬ್ಯಾಡಂತ."

"ಮತ್ತ ಆವಾಗ ಯಾಕ ಹೇಳಲಿಲ್ಲ ನೀನು?" ಅಂದೆ.

"ನೀ ಎಲ್ಲೆ ಕೇಳಿದಿ?"

ಹೆಂಡತಿ ಸೊಪ್ಪಿನ ತಟ್ಟೆ ಕೆಳಗಿಟ್ಟಳು. ಅವಳ ಎಡಗಾಲು ಇವತ್ತಿಗೂ ಸ್ವಲ್ಪ ಗಿಡ್ಡ. ಏಳುವಾಗ ಗೋಡೆ ಹಿಡಿದು ಏಳುತ್ತಾಳೆ. ಎದ್ದು ನಿಂತು ಕೇಳಿದಳು, "ಅವರು ಬಿಟ್ರು ಅಂದಿದ್ರಿ ನನಗ."

ಪೇಪರ್ ಮೇಲೆ ಬಿದ್ದ ಕೆಂಪು ಹನಿಯನ್ನು ನಾನು ಬೆರಳಿನಿಂದ ಒರೆಸತೊಡಗಿದೆ.

"ಅವರು ತೀರಿಕೊಂಡಾಗ ಮಣ್ಣಿಗೂ ಕರಕೊಂಡು ಹೋಗ್ಲಿಲ್ಲ. ಹೊತ್ತು ಮುಳುಗಿದ ಮ್ಯಾಲೆ ಹೇಳಿದ್ರಿ. ಬಿಟ್ಟವರ ಮನಿಗೆ ಏನ್ ಹೋಗೂದು ಅಂತ ನಾನೂ ಗಟ್ಟಿ ಆದೆ. ಹನ್ನೆರಡ ವರ್ಷ ಅವರನ್ನ ಮನಸ್ಸಿನ್ಯಾಗ ಸಣ್ಣವ್ರನ್ನ ಮಾಡಿ ಇಟ್ಕೊಂಡಿದ್ದೆ ನಾನು. ನಿಮ್ಮ ಸಲುವಾಗಿ."

ಸ್ಟೂಲು ಹಾಕಿಸಿ ಮಗಳಿಂದ ಡಬ್ಬಿ ಇಳಿಸಿಕೊಂಡಳು. ಧೂಳು ತೊಳೆದು, ಒರೆಸಿ, ತಿರುಗಿಸಿ ನೋಡಿದಳು. ಚುಕ್ಕೆ ಅರ್ಧ ಅಳಿಸಿತ್ತು. ಒಳಗೆ ಏನೂ ಇರಲಿಲ್ಲ, ಒಂದು ಮುಷ್ಟಿ ಸಕ್ಕರೆ ಕೂಡ. ಅದನ್ನು ಅಡುಗೆಮನೆಗೆ ಒಯ್ದಳು.

ಸೋಮವಾರ ರಜೆ ಹಾಕಿ ಕೊರ್ಲಿಮ್‌ಗೆ ಹೋದೆ. ಮಾಯ್ ಮನೆಯಲ್ಲಿ ಈಗ ಯಾರೋ ಬೇರೆಯವರು. ಜಗಲಿಗೆ ಕಬ್ಬಿಣದ ಜಾಲರಿ ಬಂದಿದೆ. ಮಾಸ್ತರರನ್ನು ಕೇಳಿದೆ, ಅವರೂ ಹೋಗಿ ಒಂದು ವರ್ಷವಾಯಿತಂತೆ. ಇಗರ್ಜಿಯ ಬಾಗಿಲು ತೆರೆದಿತ್ತು. ಒಳಗೆ ಹೆಂಗಸೊಬ್ಬಳು ನೆಲ ಒರೆಸುತ್ತಿದ್ದಳು. ಯಾರು ಬೇಕು ಅಂದಳು. ಹಿಂದಿನ ಸ್ಮಶಾನ ತೋರಿಸಿದಳು. ಅಲ್ಲಿ ಅವರ ಶಿಲುಬೆ ಹುಡುಕಿ ಅದರ ಮುಂದೆ ನಿಂತೆ. ದೇವ್ ಬರೆಂ ಕರುಂ, ಅಂದೆ. ಒಳ್ಳೆಯದು ಮಾಡಲಿ ಅಂದರೆ ಇನ್ನು ಯಾರಿಗೆ ಮಾಡಬೇಕು ದೇವರು... ಸತ್ತವರಿಗೆ ಹೇಳಿದ ಉಪಕಾರದ ಮಾತು ಹೇಳಿದವನ ಕಿವಿಯಲ್ಲೇ ಉಳಿಯುತ್ತದೆ. ನಾನು ಮರಳಿ ಬಸ್ ಹತ್ತಿದೆ. ಕೊಡೆ ಅಲ್ಲೇ ಮರೆತು ಬಂದೆ.

ಮಂಗಳವಾರ ಬೆಳಿಗ್ಗೆ ಹೆಂಡತಿ ಎಂದಿನಂತೆ ಚಹಾ ತಂದಿಟ್ಟಳು. ನನ್ನದೇ ಕಪ್, ದಿನದ್ದೇ. ಕುಡಿದು ಕೊನೆಯ ಗುಟುಕಿಗೆ ಎತ್ತಿದಾಗ ಎದುರಿನ ಅಲಮಾರಿಯ ಕನ್ನಡಿಯಲ್ಲಿ ಅದರ ತಳ ಕಂಡಿತು. ಅಲ್ಲೊಂದು ಕೆಂಪು ಚುಕ್ಕೆ. ಹೊಸದು, ಹೊಳೆಯುತ್ತಿತ್ತು. ಮಗಳು ತಮಾಷೆಗೆ ಹಚ್ಚಿದ್ದೋ, ಹೆಂಡತಿ ಹಚ್ಚಿದ್ದೋ. ಇದು ನಿಮ್ಮದು ಎನ್ನುವ ಗುರುತೋ, ಹಿತ್ತಲ ಕಟ್ಟೆಯ ಗುರುತೋ. ಕೇಳಿದರೆ ಒಂದು ನಿಮಿಷದ ಮಾತು.

ಇವತ್ತು ಶನಿವಾರ. ಇನ್ನೂ ಕೇಳಿಲ್ಲ. ಕುಡಿದಾದ ಮೇಲೆ ನಾನೇ ತೊಳೆದು ಬೋರಲು ಹಾಕುತ್ತೇನೆ.